ಎಲ್ಲರೂ ಒಟ್ಟಿಗೇ ಮಾತಾಡಿದರೆ

ರಾಬರ್ಟ್ ಆಲ್ಟ್‌ಮನ್‌ನ ಸಿನಿಮಾಗಳನ್ನು ಸಬ್‌ಟೈಟಲ್ ಹಾಕಿಕೊಂಡು ನೋಡುವ ನನ್ನಂಥವರಿಗೆ ಒಂದು ತಾಪತ್ರಯವಿದೆ. ಪರದೆಯ ಮೇಲೆ ಆರು ಜನ ಇರುತ್ತಾರೆ, ಆರೂ ಜನ ಮಾತಾಡುತ್ತಿರುತ್ತಾರೆ, ಕೆಳಗೆ ಮಾತ್ರ ಒಂದೇ ಸಾಲು. ಆ ಸಾಲು ಯಾರ ಬಾಯಿಂದ ಬಂತು ಅಂತ ಹುಡುಕುವಷ್ಟರಲ್ಲಿ ಇನ್ನೊಂದು ಬಂದಿರುತ್ತೆ. ಎಲ್ಲೋ ಕೂತು ಈ ಸಾಲುಗಳನ್ನು ಟೈಪ್ ಮಾಡಿದ ಪುಣ್ಯಾತ್ಮ ಆರರಲ್ಲಿ ಒಬ್ಬರನ್ನು ಆರಿಸಿ, ಉಳಿದ ಐದು ಜನರನ್ನು ಮೂಕರನ್ನಾಗಿ ಮಾಡಿಬಿಟ್ಟಿದ್ದಾನೆ. ಅವನನ್ನು ಬೈದು ಪ್ರಯೋಜನ ಇಲ್ಲ, ಅವನಿಗೆ ಇರೋದೇ ಎರಡು ಸಾಲಿನ ಜಾಗ. ಆದರೆ ಯಾವ ಆಯ್ಕೆಯನ್ನು ಮಾಡಬೇಕಾಗಿ ಬಂದಾಗಲೆಲ್ಲ ಆಲ್ಟ್‌ಮನ್ ತಕರಾರು ತೆಗೆದು, ಕೆಲಸ ಕಳಕೊಂಡು, ಶತ್ರುಗಳನ್ನು ಮಾಡಿಕೊಂಡನೋ, ಅದೇ ಆಯ್ಕೆಯನ್ನು ಸಬ್‌ಟೈಟಲ್ಲು ಅವನ ಪರವಾಗಿ ಮಾಡಿ ಮುಗಿಸಿರುತ್ತೆ.

ಕೆಲಸ ಕಳಕೊಂಡಿದ್ದು ಮಾತಿಗೆ ಹೇಳಿದ್ದಲ್ಲ. ಅರವತ್ತರ ದಶಕದ ಕೊನೆಗೆ ವಾರ್ನರ್ ಬ್ರದರ್ಸ್‌ಗಾಗಿ ‘ಕೌಂಟ್‌ಡೌನ್’ ಅನ್ನೋ ಚಂದ್ರಯಾನದ ಸಿನಿಮಾ ಮಾಡುತ್ತಿದ್ದಾಗ ಜಾಕ್ ವಾರ್ನರ್ ಇವನನ್ನು ಸ್ಟುಡಿಯೋದಿಂದ ಹೊರಗೆ ಹಾಕಿಸಿದ. ನಟರು ಒಬ್ಬರ ಮಾತು ಮುಗಿಯುವ ಮೊದಲೇ ಇನ್ನೊಬ್ಬರು ಶುರು ಮಾಡುತ್ತಾರೆ ಅನ್ನೋದೇ ದೂರು. ಆಲ್ಟ್‌ಮನ್ ಈ ಕಥೆಯನ್ನು ಆಮೇಲೆ ಎಷ್ಟೋ ಸಂದರ್ಶನಗಳಲ್ಲಿ ಖುಷಿಯಿಂದ ಹೇಳಿಕೊಂಡಿದ್ದಾನೆ.

ನಮಗೆ ಇದು ಅಷ್ಟು ದೊಡ್ಡ ಅಪರಾಧ ಅನ್ನಿಸೋದಿಲ್ಲ. ಮದುವೆ ಮನೆಯಲ್ಲಿ ಬೆಳೆದ ಕಿವಿ ನಮ್ಮದು. ವಿಚಿತ್ರ ಅಂದ್ರೆ ನಮ್ಮ ಸಿನಿಮಾಗಳಲ್ಲೂ ಆ ಮದುವೆ ಮನೆಯ ಗದ್ದಲ ಕೇಳಿಸೋದು ಕಡಿಮೆ. ಡಬ್ಬಿಂಗ್ ಥಿಯೇಟರಿನಲ್ಲಿ ಮೈಕಿನ ಮುಂದೆ ನಿಂತು ಮಾತು ಕೂರಿಸುವ ಪದ್ಧತಿಯಲ್ಲಿ ಒಬ್ಬ ಮಾತಾಡಿ ಮುಗಿಸಿದ ಮೇಲೆ ಇನ್ನೊಬ್ಬನ ಸರದಿ. ಹಾಲಿವುಡ್ಡಿನ ಶಿಸ್ತು ಬೇರೆ ಕಾರಣದಿಂದ ಬಂದದ್ದು, ಫಲ ಮಾತ್ರ ಅದೇ: ಯಾರ ಮಾತು ಮುಖ್ಯ ಅಂತ ನಿರ್ದೇಶಕ ಮೊದಲೇ ತೀರ್ಮಾನಿಸಿ, ಅದನ್ನು ತಟ್ಟೆಯಲ್ಲಿಟ್ಟು ನಮ್ಮ ಮುಂದೆ ಇಡುತ್ತಾನೆ. ಹಾಗಂತ ಮಾತಿನ ಮೇಲೆ ಮಾತು ಹೇರುವುದನ್ನು ಆಲ್ಟ್‌ಮನ್ ಕಂಡುಹಿಡಿದನೆಂದು ಹೇಳಿದರೆ ಸುಳ್ಳಾಗುತ್ತೆ. ಹೊವಾರ್ಡ್ ಹಾಕ್ಸ್ 1940ರಲ್ಲೇ ‘ಹಿಸ್ ಗರ್ಲ್ ಫ್ರೈಡೇ’ಯಲ್ಲಿ ಅದನ್ನು ಭರ್ಜರಿಯಾಗಿ ಮಾಡಿದ್ದ. ಆದರೆ ಹಾಕ್ಸ್‌ನದು ಲೆಕ್ಕಾಚಾರದ ಗದ್ದಲ, ಕೇಳಿಸಬೇಕಾದ್ದು ಕೇಳಿಸಿಯೇ ತೀರುತ್ತೆ. ಆಲ್ಟ್‌ಮನ್‌ನಲ್ಲಿ ನಿಜಕ್ಕೂ ತಪ್ಪಿಹೋಗುತ್ತೆ. ಒಬ್ಬರ ಕಡೆ ಕಿವಿ ಕೊಟ್ಟರೆ ಇನ್ನೊಬ್ಬರದು ಕೈತಪ್ಪುತ್ತೆ, ತಪ್ಪಲಿ ಅಂತಲೇ ಅವನು ಬಿಟ್ಟಿರುತ್ತಾನೆ.

ಇದನ್ನೇ ಹಿಡಿದುಕೊಂಡು ಆಲ್ಟ್‌ಮನ್ ಅಂದ್ರೆ ಪರದೆಯ ಮೇಲಿನ ಪ್ರಜಾಪ್ರಭುತ್ವ, ಇಪ್ಪತ್ನಾಲ್ಕು ಪಾತ್ರ, ಎಲ್ಲರಿಗೂ ಸಮಾನ ಅವಕಾಶ ಅಂತ ಹೊಗಳುವವರು ಬಹಳ. ಆ ಹೊಗಳಿಕೆಯ ಬಗ್ಗೆ ನನಗೆ ಅನುಮಾನ. ಮೈಕು ಅನ್ನೋದು ಅಷ್ಟು ಸಾಧು ವಸ್ತುವಲ್ಲ. ಅದನ್ನು ಒಬ್ಬರ ಬಾಯಿಗೆ ಹಿಡಿಯಬಹುದು, ಇನ್ನೊಬ್ಬರ ಮಂಚದ ಕೆಳಗೂ ಇಡಬಹುದು. ಆಲ್ಟ್‌ಮನ್ ಎರಡನ್ನೂ ಮಾಡಿದ್ದಾನೆ.

ಮಂಚದ ಕೆಳಗೆ ಇಟ್ಟದ್ದು ‘ಮ್ಯಾಶ್’ (1970) ಸಿನಿಮಾದಲ್ಲಿ. ಅಲ್ಲಿಗೆ ಬರುವ ಮೊದಲು ಅವನ ಹಿನ್ನೆಲೆ ಸ್ವಲ್ಪ. 1925ರಲ್ಲಿ ಕಾನ್ಸಾಸ್ ಸಿಟಿಯಲ್ಲಿ ಹುಟ್ಟಿದವನು. ಎರಡನೇ ಮಹಾಯುದ್ಧದಲ್ಲಿ ಬಾಂಬರ್ ವಿಮಾನದ ಸಹ ಪೈಲಟ್. ಮರಳಿ ಬಂದ ಮೇಲೆ ಅದೇ ಊರಿನ ಕ್ಯಾಲ್ವಿನ್ ಕಂಪನಿಯಲ್ಲಿ ಕಾರ್ಖಾನೆಗಳಿಗೆ, ಸಂಸ್ಥೆಗಳಿಗೆ ಬೇಕಾದ ತರಬೇತಿ ಚಿತ್ರಗಳನ್ನು ಮಾಡಿಕೊಂಡಿದ್ದ. ಹಿಚ್‌ಕಾಕ್‌ನ ಟೀವಿ ಸರಣಿಗೆ ಕೆಲಸ ಮಾಡಿದ, ‘ಬೊನಾಂಜಾ’, ‘ಕಾಂಬ್ಯಾಟ್’ ಇತ್ಯಾದಿ ಧಾರಾವಾಹಿಗಳ ಕಂತು ಮಾಡಿದ. ಮ್ಯಾಶ್ ಕೈಗೆ ಬಂದಾಗ ವಯಸ್ಸು ನಲವತ್ತೈದರ ಹತ್ತಿರ. ಅದಕ್ಕೆ ಮೊದಲು ಹತ್ತಕ್ಕೂ ಹೆಚ್ಚು ನಿರ್ದೇಶಕರು ಆ ಚಿತ್ರಕಥೆಯನ್ನು ಬೇಡ ಅಂದಿದ್ದರು. ಶೂಟಿಂಗ್ ನಡೀತಿರುವಾಗ ನಾಯಕ ನಟರಾದ ಡೊನಾಲ್ಡ್ ಸದರ್‌ಲ್ಯಾಂಡ್ ಮತ್ತು ಎಲಿಯಟ್ ಗೌಲ್ಡ್ ಇಬ್ಬರೂ ಸೇರಿ ಇವನನ್ನು ತೆಗೆಸೋಕೆ ನೋಡಿದರು. ಹಿಂದೆ ನಿಂತ ಸಣ್ಣಪುಟ್ಟ ಪಾತ್ರಧಾರಿಗಳ ಕಡೆಗೇ ಈ ಮನುಷ್ಯನ ಗಮನ, ಇವನಿಗೆ ತಲೆಬುಡ ಗೊತ್ತಿಲ್ಲ ಅಂತ. ಆ ಸಿನಿಮಾ ಕಾನ್ ಉತ್ಸವದ ಅತ್ಯುನ್ನತ ಪ್ರಶಸ್ತಿ ಗೆದ್ದಿತು, ಸಿಕ್ಕಾಪಟ್ಟೆ ದುಡ್ಡನ್ನೂ ಮಾಡಿತು. ಗೌಲ್ಡ್ ಆಮೇಲೆ ಇವನ ಖಾಸಾ ನಟನಾದ.

ಕೊರಿಯಾ ಯುದ್ಧ ಭೂಮಿಯ ಹತ್ತಿರದ ಒಂದು ಸೇನಾ ಆಸ್ಪತ್ರೆ, ಅಲ್ಲಿನ ಪುಂಡ ಡಾಕ್ಟರುಗಳು. ಹೆಸರಿಗೆ ಕೊರಿಯಾ, ನೋಡಿದವರಿಗೆಲ್ಲ ಕಂಡದ್ದು ವಿಯೆಟ್ನಾಂ. ಆಪರೇಷನ್ ಟೇಬಲ್ಲಿನ ಮೇಲೆ ರಕ್ತ ಚಿಮ್ಮುತ್ತಿರುವಾಗ ಡಾಕ್ಟರು ಕತ್ತರಿ ಕೇಳುತ್ತಾ, ತಮಾಷೆ ಮಾಡುತ್ತಾ, ನರ್ಸಿನ ಹತ್ತಿರ ಮೂಗು ತುರಿಸಿಕೊಳ್ಳುತ್ತಾ ಇರುವ ದೃಶ್ಯಗಳು ಈಗಲೂ ಅಷ್ಟೇ ಜೋರಾಗಿವೆ. ಆದರೆ ಇದೇ ಸಿನಿಮಾದಲ್ಲಿ ಮೇಜರ್ ಹೂಲಿಹಾನ್ ಅನ್ನೋ ಶಿಸ್ತಿನ ಮುಖ್ಯ ನರ್ಸ್ ಇದ್ದಾಳೆ. ಅವಳು ತನ್ನ ಡೇರೆಯಲ್ಲಿ ಒಬ್ಬ ಡಾಕ್ಟರನ ಜೊತೆ ಇರುವಾಗ ಈ ಪುಂಡರು ಒಳಗೆ ಮೈಕು ತೂರಿಸಿ, ಅಲ್ಲಿನ ಪಿಸುಮಾತನ್ನು ಇಡೀ ಕ್ಯಾಂಪಿನ ಧ್ವನಿವರ್ಧಕದಲ್ಲಿ ಬಿತ್ತರಿಸುತ್ತಾರೆ. ಆ ರಾತ್ರಿಯಿಂದ ಅವಳಿಗೊಂದು ಅಡ್ಡಹೆಸರು ಅಂಟಿಕೊಳ್ಳುತ್ತೆ. ಆಮೇಲೆ ಒಂದು ದಿನ ಅವಳು ಸ್ನಾನ ಮಾಡುತ್ತಿರುವಾಗ ಹೊರಗೆ ಕುರ್ಚಿ ಹಾಕಿಕೊಂಡು ಕೂತು, ಸ್ನಾನದ ಡೇರೆಯ ಗೋಡೆಯನ್ನೇ ಹಗ್ಗ ಎಳೆದು ಎತ್ತಿಬಿಡುತ್ತಾರೆ. ಅವಳು ಕಿರುಚುತ್ತಾ, ಅಳುತ್ತಾ ಮೇಲಧಿಕಾರಿಯ ಹತ್ತಿರ ಓಡಿದರೆ ಅವನು ಹಾಸಿಗೆಯಲ್ಲಿ ಇನ್ನೊಬ್ಬ ನರ್ಸಿನ ಜೊತೆ ಆರಾಮಾಗಿದ್ದಾನೆ.

ಸೇನೆಯ ಕಪಟ ಶಿಸ್ತಿನ ವಿಡಂಬನೆ ಇದು, ಹೂಲಿಹಾನ್ ಆ ಶಿಸ್ತಿನ ಪ್ರತಿನಿಧಿ ಅಷ್ಟೇ ಅಂತ ಸಮರ್ಥಿಸುವವರಿದ್ದಾರೆ. ಇರಬಹುದು. ಆದರೆ ಸಿನಿಮಾ ಆ ಹೊತ್ತಿನಲ್ಲಿ ಕುರ್ಚಿ ಹಾಕಿಕೊಂಡು ಕೂತವರ ಸಾಲಿನಲ್ಲೇ ಕೂತಿದೆ, ನಮಗೂ ಒಂದು ಕುರ್ಚಿ ಎಳೆದು ಕೊಡುತ್ತೆ. ಅವಳು ಅಳುವಾಗ ಕ್ಯಾಮೆರಾಕ್ಕೆ ಅವಳ ಮಾತಿನಲ್ಲಿ ಆಸಕ್ತಿಯಿಲ್ಲ, ಮುಂದಿನ ಜೋಕಿನ ಮೇಲೆ ಕಣ್ಣು. ಎಲ್ಲರ ಮಾತೂ ಕೇಳಬೇಕು ಅಂತ ಹೊರಟವನ ಮೊದಲ ದೊಡ್ಡ ಚಿತ್ರದಲ್ಲೇ ಒಬ್ಬಳ ಮಾತಿಗೆ ಹೀಗೆ ಕಿವಿ ಮುಚ್ಚಿರೋದು ನನಗೆ ಸಣ್ಣ ವಿಷಯ ಅನ್ನಿಸೋದಿಲ್ಲ. ಅವನ ಉಳಿದ ಸಿನಿಮಾಗಳನ್ನು ನಾನು ನೋಡಿದ್ದೇ ಈ ಪ್ರಶ್ನೆ ಇಟ್ಟುಕೊಂಡು: ಇವನು ಕೇಳಿಸಿಕೊಳ್ಳುತ್ತಿದ್ದಾನೋ, ಕದ್ದು ಕೇಳುತ್ತಿದ್ದಾನೋ?

ಮರುವರ್ಷವೇ ಬಂದ ‘ಮೆಕೇಬ್ ಆ್ಯಂಡ್ ಮಿಸೆಸ್ ಮಿಲ್ಲರ್’ ಕೇಳಿಸಿಕೊಳ್ಳದೆ ಸತ್ತವನೊಬ್ಬನ ಕಥೆ. ನೆಪಕ್ಕೆ ವೆಸ್ಟರ್ನ್. ಬೆಟ್ಟದ ತಪ್ಪಲಲ್ಲಿ, ಮಳೆ ಕೆಸರು ಹಿಮದ ನಡುವೆ ಇನ್ನೂ ಕಟ್ಟುತ್ತಿರುವ ಒಂದು ಗಣಿ ಊರು. ವ್ಯಾಂಕೂವರ್ ಹತ್ತಿರ ಸೆಟ್ ಹಾಕಿದರು. ಆದರೆ ಪೂರ್ತಿ ಹಾಕಿ ಆಮೇಲೆ ಶೂಟಿಂಗ್ ಮಾಡಲಿಲ್ಲ. ಕಥೆಯಲ್ಲಿ ಊರು ಬೆಳೆದ ಹಾಗೆ ಸೆಟ್ಟೂ ಬೆಳೆಯಿತು. ಬಡಗಿಗಳು ವೇಷ ಹಾಕಿಕೊಂಡೇ ಕೆಲಸ ಮಾಡುತ್ತಾ ಚಿತ್ರದಲ್ಲೂ ಸೇರಿಕೊಂಡರು. ಛಾಯಾಗ್ರಾಹಕ ವಿಲ್ಮೋಸ್ ಜಿಗ್ಮಂಡ್ ನೆಗೆಟಿವ್ವಿಗೆ ಮೊದಲೇ ಚೂರು ಬೆಳಕು ತಾಗಿಸಿ ಹಳೇ ಫೋಟೋದ ಮಬ್ಬು ತಂದ. ಹಿನ್ನೆಲೆಗೆ ಲಿಯೊನಾರ್ಡ್ ಕೊಹೆನ್‌ನ ಹಾಡುಗಳು. ಇದೆಲ್ಲ ಬೇಕಾದಷ್ಟು ಜನ ಬರೆದಿದ್ದಾರೆ, ನಾನು ಶಬ್ದದ ಕಡೆಗೇ ಬರ್ತೀನಿ.

ಮೊದಲ ದೃಶ್ಯದಲ್ಲಿ ಮೆಕೇಬ್ (ವಾರನ್ ಬೇಟಿ) ಮಬ್ಬುಗತ್ತಲೆಯ ಸಾರಾಯಿ ಅಂಗಡಿಗೆ ಬಂದು ಇಸ್ಪೀಟಿಗೆ ಕೂರುತ್ತಾನೆ. ಸುತ್ತಲಿನವರು ಗೊಣಗುತ್ತಿದ್ದಾರೆ. ಅವನ ಸೊಂಟದ ಬಂದೂಕು ಎಂಥದ್ದು, ಇವನೇ ತಾನೇ ಆ ಇಂಥವನನ್ನು ಕೊಂದವನು... ಅರ್ಧ ಕೇಳಿಸುತ್ತೆ, ಅರ್ಧ ಇಲ್ಲ. ಬೇಟಿಗೇ ಈ ಶಬ್ದದ ಗಲೀಜು ಸರಿಕಂಡಿರಲಿಲ್ಲವಂತೆ. ಆದರೆ ಆ ಗಲೀಜಿನಿಂದಲೇ ಇಡೀ ಕಥೆ ಹುಟ್ಟೋದು. ಊರಿನವರಿಗೂ ಅರ್ಧವೇ ಕೇಳಿಸಿದ್ದು. ಆ ಅರ್ಧದಿಂದ ಅವರು ಇವನನ್ನು ದೊಡ್ಡ ಬಂದೂಕುಬಾಜನನ್ನಾಗಿ ಮಾಡಿಕೊಂಡರು, ಇವನೂ ಬೇಡ ಅನ್ನಲಿಲ್ಲ. ಆಮೇಲೆ ದೊಡ್ಡ ಗಣಿ ಕಂಪನಿಯ ಇಬ್ಬರು ಬಂದು ನಿನ್ನ ಆಸ್ತಿ ಮಾರು ಅಂದಾಗ ಇವನು ಚೌಕಾಸಿ ಮಾಡುತ್ತಾನೆ, ಕಪ್ಪೆಯ ಜೋಕು ಹೇಳುತ್ತಾನೆ. ಅವರ ವಿನಯದ ಮಾತಿನ ಒಳಗಿದ್ದ ಬೆದರಿಕೆ ಇವನಿಗೆ ಕೇಳಿಸೋದೇ ಇಲ್ಲ. ಮಿಸೆಸ್ ಮಿಲ್ಲರ್‌ಗೆ (ಜೂಲಿ ಕ್ರಿಸ್ಟಿ) ತಕ್ಷಣ ಕೇಳಿಸುತ್ತೆ. ಅವಳ ಮಾತು ಇವನ ತಲೆಗೆ ಹೋಗೋದಿಲ್ಲ. ಅವಳ ಬಗ್ಗೆ ಇವನಿಗಿರುವ ಪ್ರೀತಿಯನ್ನು ಇವನು ಪೂರ್ತಿಯಾಗಿ ಬಾಯಿಬಿಟ್ಟು ಹೇಳೋದು ಒಬ್ಬನೇ ಕೋಣೆಯಲ್ಲಿ ಕೂತು, ತನಗೆ ತಾನೇ. ಕೊನೆಯಲ್ಲಿ ಅವನು ಹಿಮದಲ್ಲಿ ಗುಂಡೇಟು ತಿಂದು ಸಾಯುತ್ತಿರುವಾಗ ಊರಿಗೆ ಊರೇ ಚರ್ಚಿಗೆ ಬಿದ್ದ ಬೆಂಕಿ ಆರಿಸುವ ಸಂಭ್ರಮದಲ್ಲಿದೆ. ಅವಳು ಅಫೀಮಿನ ಅಂಗಡಿಯಲ್ಲಿ ಮಲಗಿದ್ದಾಳೆ. ಯಾರಿಗೂ ಏನೂ ಕೇಳಿಸಲಿಲ್ಲ.

‘ದ ಲಾಂಗ್ ಗುಡ್‌ಬೈ’ (1973) ಬಗ್ಗೆ ಇಲ್ಲಿ ಹೆಚ್ಚು ಬರೆಯೋದಿಲ್ಲ, ಬೆಕ್ಕಿಗೆ ಅದರ ಇಷ್ಟದ ಡಬ್ಬಿ ಊಟ ತರಲು ನಡುರಾತ್ರಿ ಅಂಗಡಿಗೆ ಹೋಗುವ ಪತ್ತೇದಾರನ ಆ ಮೊದಲ ಹತ್ತು ನಿಮಿಷವನ್ನಾದರೂ ನೋಡಿ. ‘ಕ್ಯಾಲಿಫೋರ್ನಿಯಾ ಸ್ಪ್ಲಿಟ್’ (1974) ಮುಖ್ಯವಾಗೋದು ತಾಂತ್ರಿಕ ಕಾರಣಕ್ಕೆ. ಅಲ್ಲಿಂದ ಆಲ್ಟ್‌ಮನ್ ಎಂಟು ಟ್ರ್ಯಾಕಿನ ಧ್ವನಿಮುದ್ರಣ ಶುರು ಮಾಡಿದ. ಮೇಲೆ ತೂಗುವ ಒಂದೇ ಮೈಕಿಗೆ ಬದಲು ನಟರ ಬಟ್ಟೆಯೊಳಗೆ ಪುಟ್ಟ ಪುಟ್ಟ ವೈರ್‌ಲೆಸ್ ಮೈಕು, ಒಂದೊಂದಕ್ಕೂ ಬೇರೆ ಟ್ರ್ಯಾಕು. ಆಮೇಲೆ ಮಿಕ್ಸಿಂಗ್ ಹೊತ್ತಿನಲ್ಲಿ ಯಾರನ್ನು ಏರಿಸಬೇಕು, ಯಾರನ್ನು ಇಳಿಸಬೇಕು ಅಂತ ನೋಡಿಕೊಳ್ಳೋದು. ಕ್ಯಾಮೆರಾ ದೂರದಲ್ಲಿ ನಿಂತು ಝೂಮ್ ಮಾಡುತ್ತಿದ್ದುದರಿಂದ ಈಗ ತನ್ನ ಮೇಲೆ ಇದೆಯೋ ಇಲ್ಲವೋ ಅಂತ ನಟರಿಗೆ ಗೊತ್ತಾಗುತ್ತಿರಲಿಲ್ಲ. ಹಾಗಾಗಿ ಎಲ್ಲರೂ ಎಲ್ಲ ಹೊತ್ತೂ ಪಾತ್ರದಲ್ಲೇ ಇರಬೇಕಾಗಿತ್ತು. ಸಂಜೆಯಾದರೆ ಆವತ್ತು ತೆಗೆದದ್ದನ್ನು ಇಡೀ ತಂಡ ಕೂತು ನೋಡೋದು, ಕುಡಿಯೋದು, ನಗೋದು. ಇದನ್ನೆಲ್ಲ ಕೇಳಿ ಅವನ ಸಿನಿಮಾದಲ್ಲಿ ಸ್ಕ್ರಿಪ್ಟೇ ಇರಲ್ಲ, ನಟರು ಬಾಯಿಗೆ ಬಂದದ್ದು ಹೇಳ್ತಾರೆ ಅಂತ ಒಂದು ಪ್ರತೀತಿ ಹುಟ್ಟಿದೆ. ‘ನ್ಯಾಶ್‌ವಿಲ್’ ಬರೆದ ಜೋನ್ ಟ್ಯೂಕ್ಸ್‌ಬರಿಗೆ ಇದರಿಂದ ಆದಷ್ಟು ಅನ್ಯಾಯ ಇನ್ಯಾರಿಗೂ ಆಗಿಲ್ಲ. ಆ ಹೆಂಗಸು ನ್ಯಾಶ್‌ವಿಲ್ ಊರಿಗೆ ಹೋಗಿ, ಸುತ್ತಾಡಿ, ಕಂಡದ್ದನ್ನು ಬರೆದಿಟ್ಟುಕೊಂಡು, ಐದು ದಿನಗಳಲ್ಲಿ ಇಪ್ಪತ್ನಾಲ್ಕು ಜನ ಎಲ್ಲೆಲ್ಲಿ ಹಾಯಬೇಕು ಅಂತ ಹೆಣೆಯದಿದ್ದರೆ ನಟರ ತಾತ್ಕಾಲಿಕ ಮಾತುಗಳು ಗಾಳಿಗೆ ಹೋಗುತ್ತಿದ್ದವು.

ಸರಿ, ‘ನ್ಯಾಶ್‌ವಿಲ್’ (1975).

ಕಂಟ್ರಿ ಸಂಗೀತದ ಊರು. ಹಾಡುವವರು, ಹಾಡಬೇಕೆಂದು ಬಂದವರು, ಅವರನ್ನು ನಡೆಸುವವರು, ಸುಮ್ಮನೆ ಬಂದವರು. ಇವರೆಲ್ಲರ ನಡುವೆ ಒಂದು ವ್ಯಾನು. ಹ್ಯಾಲ್ ಫಿಲಿಪ್ ವಾಕರ್ ಅನ್ನೋ ರಾಜಕಾರಣಿಯ ಚುನಾವಣಾ ಭಾಷಣವನ್ನು ಧ್ವನಿವರ್ಧಕದಲ್ಲಿ ಹೇಳುತ್ತಾ ಊರೆಲ್ಲ ಸುತ್ತುತ್ತೆ. ಅವನ ಮುಖವನ್ನು ನಾವು ಸರಿಯಾಗಿ ಒಮ್ಮೆಯೂ ನೋಡೋದಿಲ್ಲ, ದನಿಯಿಂದ ತಪ್ಪಿಸಿಕೊಳ್ಳೋಕೂ ಆಗೋದಿಲ್ಲ. (ಈ ಸಿನಿಮಾದ ಶೂಟಿಂಗ್ ನಡೆಯುತ್ತಿದ್ದ 1974ರ ಬೇಸಿಗೆಯಲ್ಲೇ, ಆಗಸ್ಟಿನಲ್ಲಿ, ನಿಕ್ಸನ್ ರಾಜೀನಾಮೆ ಕೊಟ್ಟದ್ದು. ತನ್ನ ಕಚೇರಿಯ ಮಾತುಗಳನ್ನು ತಾನೇ ಟೇಪ್ ಮಾಡಿಸಿ, ಆ ಟೇಪಿನಿಂದಲೇ ಕೆಳಗಿಳಿದವನು.)

ಈ ಚಿತ್ರವನ್ನು ಅಮೆರಿಕದ ರೂಪಕ, ಖ್ಯಾತಿಯ ವಿಮರ್ಶೆ ಅಂತೆಲ್ಲ ಓದಬಹುದು, ಓದಿದ್ದಾರೆ. ನನಗೆ ಅದು ಕೇಳಿಸಿಕೊಳ್ಳುವವರ ಮತ್ತು ಕೇಳಿಸಿಕೊಳ್ಳದವರ ಪಟ್ಟಿಯ ಹಾಗೆ ಕಾಣುತ್ತೆ. ಟೇಪ್‌ರೆಕಾರ್ಡರ್ ಹಿಡಿದುಕೊಂಡು ತಿರುಗುವ ಒಪಲ್ ಅನ್ನೋ ಬ್ರಿಟಿಷ್ ವರದಿಗಾರ್ತಿ (ಜೆರಾಲ್ಡಿನ್ ಚಾಪ್ಲಿನ್) ಇದ್ದಾಳೆ, ಬಿಬಿಸಿಯವಳು ಅಂತ ಹೇಳಿಕೊಳ್ಳುತ್ತಾಳೆ. ದೊಡ್ಡ ಗಾಯಕನ ಮಗ, ಅಪ್ಪನ ನೆರಳಲ್ಲಿ ಬಾಡಿದ ಹುಡುಗ, ತಾನು ಬರೆದ ಹಾಡನ್ನು ಬಹಳ ಸಂಕೋಚದಿಂದ ಅವಳ ಮುಂದೆ ಹಾಡೋಕೆ ಶುರು ಮಾಡುತ್ತಾನೆ. ಅಷ್ಟರಲ್ಲಿ ಅವಳಿಗೆ ಆ ಕಡೆ ಎಲಿಯಟ್ ಗೌಲ್ಡ್ ಕಾಣಿಸುತ್ತಾನೆ (ಅವನು ಅಲ್ಲಿ ಎಲಿಯಟ್ ಗೌಲ್ಡ್ ಆಗಿಯೇ ಬರುತ್ತಾನೆ). ಮುಗೀತು, ಹಾಡು ಅಲ್ಲಿಗೇ ನಿಂತಿತು. ಆಸ್ಪತ್ರೆಯಲ್ಲಿ ಹೆಂಡತಿ ಸತ್ತಳು ಅಂತ ಆಗ ತಾನೇ ತಿಳಿದ ಮುದುಕ ಗ್ರೀನ್ ಕೂತಿದ್ದಾನೆ. ಪಕ್ಕಕ್ಕೆ ಬಂದ ಸೈನಿಕ ಹುಡುಗ ತನ್ನ ಇಷ್ಟದ ಗಾಯಕಿಯ ಬಗ್ಗೆ, ತನ್ನಮ್ಮನ ಬಗ್ಗೆ ಸಂತೋಷವಾಗಿ ಹೇಳುತ್ತಲೇ ಹೋಗುತ್ತಾನೆ. ಅವನು ಕೆಟ್ಟವನಲ್ಲ, ಒಳ್ಳೇ ಹುಡುಗ. ಪಕ್ಕದಲ್ಲಿರುವವನ ಮುಖವನ್ನು ನೋಡಿಲ್ಲ ಅಷ್ಟೇ.

ಇನ್ನು ಲಿನಿಯಾ. ಲಿಲಿ ಟಾಮ್ಲಿನ್ ಮಾಡಿದ ಈ ಪಾತ್ರದ ಎರಡು ಮಕ್ಕಳಿಗೂ ಕಿವಿ ಕೇಳಿಸೋದಿಲ್ಲ. ಗದ್ದಲದ ಈ ಸಿನಿಮಾದಲ್ಲಿ ನಿಜವಾಗಿ ಕೇಳಿಸಿಕೊಳ್ಳೋಕೆ ಬರುವವಳು ಕಿವುಡ ಮಕ್ಕಳ ತಾಯಿ! ಅವಳ ಮಗ ತಾನು ಈಜಿದ ಕಥೆಯನ್ನು ಕೈಸನ್ನೆಯಲ್ಲೂ ತೊದಲು ಮಾತಿನಲ್ಲೂ ಹೇಳುತ್ತಾನೆ. ಅವಳ ಇಡೀ ಮುಖ ಆ ಹುಡುಗನ ಕಡೆಗಿದೆ, ಒಂದು ಅಕ್ಷರ ತಪ್ಪಿಸಿಕೊಳ್ಳಬಾರದು ಅನ್ನೋ ಹಾಗೆ. ಗಂಡ ಡೆಲ್ಬರ್ಟ್ ಅಲ್ಲೇ ಇದ್ದಾನೆ, ಪೆಚ್ಚಾಗಿ ನಗುತ್ತಿದ್ದಾನೆ. ಇಷ್ಟು ವರ್ಷವಾದರೂ ಅವನು ಮಕ್ಕಳ ಸನ್ನೆ ಕಲಿತಿಲ್ಲ. ಇದೇ ಲಿನಿಯಾ ಇನ್ನೊಂದು ದೃಶ್ಯದಲ್ಲಿ ಕ್ಲಬ್ಬಿನ ಹಿಂದಿನ ಮೂಲೆಯಲ್ಲಿ ಕೂತಿದ್ದಾಳೆ. ವೇದಿಕೆಯಲ್ಲಿ ಕೀತ್ ಕ್ಯಾರಡೀನ್ ಗಿಟಾರ್ ಹಿಡಿದು ಹಾಡುತ್ತಿದ್ದಾನೆ (ಆಸ್ಕರ್ ಗೆದ್ದ ಹಾಡು, ಅವನೇ ಬರೆದದ್ದು, ಈ ಸಿನಿಮಾದ ನಟರು ತಮ್ಮ ಹಾಡುಗಳನ್ನು ಬಹುಮಟ್ಟಿಗೆ ತಾವೇ ಬರೆದುಕೊಂಡರು). ಕ್ಲಬ್ಬಿನಲ್ಲಿ ನಾಲ್ಕು ಹೆಂಗಸರು, ನಾಲ್ವರೂ ಇದು ನನಗೇ ಅಂದುಕೊಳ್ಳುತ್ತಿದ್ದಾರೆ. ಕ್ಯಾಮೆರಾ ನಿಧಾನಕ್ಕೆ, ಬಹಳ ನಿಧಾನಕ್ಕೆ ಲಿನಿಯಾಳ ಹತ್ತಿರ ಹೋಗುತ್ತೆ. ಅವಳು ಏನೂ ಮಾಡೋದಿಲ್ಲ. ಕೇಳುತ್ತಾಳೆ. ಒಬ್ಬ ನಟಿ ಕೇಳುವುದನ್ನು ಮಾತ್ರ ಇಷ್ಟು ಹೊತ್ತು ತೋರಿಸಿದ ದೃಶ್ಯ ನನಗೆ ಬೇರೆ ನೆನಪಾಗುತ್ತಿಲ್ಲ.

ಅದೇ ರಾತ್ರಿ, ಊರಿನ ಇನ್ನೊಂದು ಕಡೆ, ಸೂಲೀನ್ ಗೇ. ಹೋಟೆಲಿನಲ್ಲಿ ಕೆಲಸ ಮಾಡುವ ಹುಡುಗಿ, ಗಾಯಕಿಯಾಗುವ ಆಸೆ, ಹಾಡೋಕೆ ಮಾತ್ರ ಬರೋದಿಲ್ಲ. ವಾಕರ್‌ನ ಪಕ್ಷಕ್ಕೆ ದೇಣಿಗೆ ಎತ್ತುವ ಗಂಡಸರ ಪಾರ್ಟಿಗೆ ಅವಳನ್ನು ಹಾಡೋಕೆ ಅಂತ ಕರೆಸಿದ್ದಾರೆ. ಹಾಡು ಯಾರಿಗೂ ಬೇಕಿಲ್ಲ, ಬಟ್ಟೆ ಬಿಚ್ಚು ಅಂತ ಕೂಗುತ್ತಾರೆ. ಬಿಚ್ಚಿದರೆ ನಾಳೆ ಪಾರ್ಥೆನಾನ್ ಮುಂದೆ ದೊಡ್ಡ ಗಾಯಕಿ ಬಾರ್ಬರಾ ಜೀನ್ ಜೊತೆ ಹಾಡಿಸುತ್ತೇವೆ ಅಂತ ಆಸೆ ತೋರಿಸುತ್ತಾರೆ. ಅವಳು ಬಿಚ್ಚುತ್ತಾಳೆ. ಎದೆ ದೊಡ್ಡದು ಕಾಣಲಿ ಅಂತ ಒಳಗೆ ತುರುಕಿಕೊಂಡಿದ್ದ ಕಾಲುಚೀಲವನ್ನು ತೆಗೆದು ಎಸೆಯುತ್ತಾಳೆ.

ಐದು ವರ್ಷದ ಹಿಂದಿನ ಡೇರೆಯ ದೃಶ್ಯವನ್ನು ಆಲ್ಟ್‌ಮನ್ ಇಲ್ಲಿ ಮತ್ತೊಮ್ಮೆ ತೆಗೆದಿದ್ದಾನೆ ಅಂತ ನನ್ನ ವಾದ. ಅದೇ ಗಂಡಸರ ಗುಂಪು, ಅದೇ ಕೇಕೆ, ನಡುವೆ ಬೆತ್ತಲಾಗುವ ಒಬ್ಬ ಹೆಂಗಸು. ಈ ಸಲ ನಮಗೆ ಅವರ ಸಾಲಿನಲ್ಲಿ ಕುರ್ಚಿಯಿಲ್ಲ. ಗ್ವೆನ್ ವೆಲ್ಸ್ ಮುಖದ ಮೇಲಿನ ಆ ಹುಸಿ ಧೈರ್ಯ, ಮುಗಿದ ಕೂಡಲೇ ಅವಳು ಓಡುವ ರೀತಿ ನೋಡಿದ ಮೇಲೆ ನಗೋಕಾಗಲ್ಲ. ಅವಳ ಕೆಟ್ಟ ಗಂಟಲಿನ ಬಗ್ಗೆ ಅಲ್ಲಿವರೆಗೂ ನಕ್ಕಿದ್ದೆವಲ್ಲ, ಆ ನಗುವೂ ಗಂಟಲಲ್ಲಿ ಸಿಕ್ಕಿಕೊಳ್ಳುತ್ತೆ. ಆಮೇಲೆ ಅವಳನ್ನು ಮನೆಗೆ ಬಿಡುವ ನೆಪದಲ್ಲಿ ಬಂದು ಮೈಮೇಲೆ ಬೀಳಲು ನೋಡುವವನು ಯಾರು? ಲಿನಿಯಾಳ ಗಂಡ ಡೆಲ್ಬರ್ಟ್, ಮಗನ ಮಾತು ಅರ್ಥವಾಗದವನು. ಜೊತೆಗೆ ಕೆಲಸ ಮಾಡುವ ವೇಡ್ ಅನ್ನೋ ಕಪ್ಪು ಯುವಕ ಅವಳಿಗೆ ನೇರವಾಗಿ ಹೇಳುತ್ತಾನೆ, ನಿನಗೆ ಹಾಡೋಕೆ ಬರಲ್ಲ, ಇವರು ನಿನ್ನನ್ನು ಕೊಲ್ಲುತ್ತಾರೆ ಅಂತ. ಅವಳ ಒಳ್ಳೆಯದಕ್ಕೆ ಆಡಿದ ಮಾತು ಇಡೀ ಚಿತ್ರದಲ್ಲಿ ಅದೊಂದೇ. ಅದನ್ನು ಅವಳೂ ಕೇಳಿಸಿಕೊಳ್ಳೋದಿಲ್ಲ.

ಮರುದಿನ ಬಾರ್ಬರಾ ಜೀನ್‌ಗೆ ಗುಂಡು ಬೀಳುತ್ತೆ. ಗಾಬರಿಯಲ್ಲಿ ಮೈಕು ಕೈಯಿಂದ ಕೈಗೆ ಹೋಗಿ, ಸಿನಿಮಾದುದ್ದಕ್ಕೂ ಗಂಡನಿಂದ ತಪ್ಪಿಸಿಕೊಂಡು ಓಡಾಡುತ್ತಿದ್ದ, ಯಾರೂ ಲೆಕ್ಕಕ್ಕಿಟ್ಟಿರದ ಒಬ್ಬ ಹೆಂಗಸಿನ ಕೈಗೆ ಬರುತ್ತೆ. ಅವಳು ಹಾಡುತ್ತಾಳೆ, ಅದ್ಭುತವಾಗಿ ಹಾಡುತ್ತಾಳೆ, ಜನ ರಕ್ತ ಮರೆತು ತಾಳ ಹಾಕುತ್ತಾರೆ. ಸೂಲೀನ್‌ಗೆ ಕೊಟ್ಟ ಮಾತು ಯಾರಿಗೂ ನೆನಪಿಲ್ಲ. ಆ ಹಾಡು ಜನರ ಗಟ್ಟಿತನವೋ, ಮರೆಗುಳಿತನವೋ ಅಂತ ಇವತ್ತಿಗೂ ಜಗಳ ಇದೆ. ಎರಡೂ ಅನ್ನೋದು ಜಾಣ ಉತ್ತರ. ನನಗಂತೂ ಮರೆಗುಳಿತನವೇ ಹೆಚ್ಚು ಕಾಣುತ್ತೆ, ಮೈ ಜುಮ್ಮೆನ್ನುವಷ್ಟು ಚೆನ್ನಾಗಿ ಹಾಡಿರೋದರಿಂದ ಇನ್ನೂ ಭಯವಾಗುತ್ತೆ.

ನ್ಯಾಶ್‌ವಿಲ್ ಆದ ಮೇಲೆ ಇಳಿಜಾರು. ‘ತ್ರೀ ವಿಮೆನ್’ (1977) ಬಿಟ್ಟರೆ ಆ ದಶಕದ ಕೊನೆಯಲ್ಲಿ ಮನಸಲ್ಲಿ ಉಳಿಯೋದು ಕಡಿಮೆ. ‘ಎ ವೆಡ್ಡಿಂಗ್’ನಲ್ಲಿ ಇಪ್ಪತ್ನಾಲ್ಕನ್ನು ನಲವತ್ತೆಂಟು ಮಾಡಿದ, ಸಿನಿಮಾ ಎರಡರಷ್ಟು ಆಗಲಿಲ್ಲ. ‘ಕ್ವಿಂಟೆಟ್’ ನೋಡಿ ಮುಗಿಸಿದವರಿಗೆ ನನ್ನ ನಮಸ್ಕಾರ. ‘ಪಾಪಾಯ್’ (1980) ದುಡ್ಡು ಮಾಡಿದರೂ ಸೋತ ಚಿತ್ರ ಅಂತಲೇ ಹೆಸರಾಯಿತು. ಮಾಲ್ಟಾದಲ್ಲಿ ಅದಕ್ಕೆ ಹಾಕಿದ ಸೆಟ್ಟು ಈಗ ಪ್ರವಾಸಿ ತಾಣ! ಸ್ಟುಡಿಯೋಗಳು ಬಾಗಿಲು ಹಾಕಿದವು. ಆಲ್ಟ್‌ಮನ್ ತನ್ನ ಲಯನ್ಸ್ ಗೇಟ್ ಸಂಸ್ಥೆಯನ್ನು ಮಾರಿ, ನಾಟಕಗಳನ್ನು ಸಣ್ಣ ಖರ್ಚಿನ ಸಿನಿಮಾ ಮಾಡುತ್ತಾ ಹತ್ತು ವರ್ಷ ತಳ್ಳಿದ. ಈ ಕಾಲದ ‘ಸೀಕ್ರೆಟ್ ಆನರ್’ (1984) ಮರೆಯಬೇಡಿ. ಮಿಷಿಗನ್ ವಿಶ್ವವಿದ್ಯಾಲಯದಲ್ಲಿ, ವಿದ್ಯಾರ್ಥಿಗಳನ್ನು ಜೊತೆಗಿಟ್ಟುಕೊಂಡು ಮಾಡಿದ್ದು. ಒಂದು ಕೋಣೆ, ಒಬ್ಬನೇ ಪಾತ್ರಧಾರಿ, ಫಿಲಿಪ್ ಬೇಕರ್ ಹಾಲ್, ನಿಕ್ಸನ್ ಆಗಿ. ಎದುರಿಗೆ ಒಂದು ಟೇಪ್‌ರೆಕಾರ್ಡರ್. ನಲವತ್ತೆಂಟು ಜನರನ್ನು ಮಾತಾಡಿಸಿದವನು ಇಲ್ಲಿ ಒಬ್ಬನನ್ನೇ ಒಂದೂವರೆ ಗಂಟೆ ಕೇಳಿಸಿಕೊಂಡಿದ್ದಾನೆ, ಅದೂ ಊರಿಗೆಲ್ಲ ಮೈಕು ಇಟ್ಟವನನ್ನು. ನಿಕ್ಸನ್‌ನ ಮಾತು ವಾಕ್ಯವಾಗೋದೇ ಇಲ್ಲ. ಶುರುವಾಗುತ್ತೆ, ಮುರಿಯುತ್ತೆ, ಬೈಗುಳವಾಗುತ್ತೆ. ತನ್ನ ಮಾತಿನ ಮೇಲೆ ತಾನೇ ಮಾತಾಡುತ್ತಾನೆ.

‘ದ ಪ್ಲೇಯರ್’ (1992) ಅವನನ್ನು ಮತ್ತೆ ಎಬ್ಬಿಸಿತು. ಸುಮಾರು ಎಂಟು ನಿಮಿಷದ ಅದರ ಮೊದಲ ಶಾಟ್ ಪ್ರಸಿದ್ಧ. ಆದರೆ ಜಾಣತನ ಹೆಚ್ಚು, ಹಾಲಿವುಡ್ಡನ್ನು ಬೈದರೂ ಹಾಲಿವುಡ್ಡಿಗೆ ಖುಷಿಯಾಗುವಂತೆ ಬೈದಿದ್ದಾನೆ. ರೇಮಂಡ್ ಕಾರ್ವರ್ ಕಥೆಗಳನ್ನು ಲಾಸ್ ಏಂಜಲೀಸಿಗೆ ತಂದ ‘ಶಾರ್ಟ್ ಕಟ್ಸ್’ (1993) ವೆನಿಸ್‌ನಲ್ಲಿ ಸ್ವರ್ಣ ಸಿಂಹವನ್ನು ಹಂಚಿಕೊಂಡಿತು. ಅದರಲ್ಲಿ ಹಳೇ ಕಾಯಿಲೆ ಮತ್ತೆ ಕಾಣಿಸಿಕೊಳ್ಳುತ್ತೆ. ಕಾರ್ವರ್ ತನ್ನ ಜನರ ಪಕ್ಕದಲ್ಲಿ ಕೂರುತ್ತಿದ್ದ. ಆಲ್ಟ್‌ಮನ್ ಸಿನಿಮಾ ಶುರುವಾಗೋದೇ ಮೇಲಿಂದ ಕೀಟನಾಶಕ ಸಿಂಪಡಿಸುವ ಹೆಲಿಕಾಪ್ಟರುಗಳಿಂದ. ಹಲವು ಸಲ ಅವನೂ ಅದೇ ಎತ್ತರದಿಂದ ನೋಡುತ್ತಿದ್ದಾನೆ ಅನ್ನಿಸುತ್ತೆ.

ಇದಕ್ಕೆ ಉತ್ತರದ ಹಾಗೆ ನನಗೆ ಕಾಣೋದು ‘ಗಾಸ್ಫರ್ಡ್ ಪಾರ್ಕ್’ (2001). 1932ರ ಇಂಗ್ಲೆಂಡಿನ ಒಂದು ಬಂಗಲೆ, ಮೇಲೆ ಸಿರಿವಂತ ಅತಿಥಿಗಳು, ಕೆಳಗೆ ಆಳುಕಾಳುಗಳು, ನಡುವೆ ಒಂದು ಕೊಲೆ. ಇಲ್ಲಿ ಅವನು ತನಗೆ ತಾನೇ ಒಂದು ಕಟ್ಟಳೆ ಹಾಕಿಕೊಂಡ: ಆಳೊಬ್ಬರು ಹಾಜರಿಲ್ಲದೆ ಮೇಲಿನವರ ಯಾವ ದೃಶ್ಯವೂ ಇರಬಾರದು. ಹಾಗಾಗಿ ನಾವು ಕೇಳುವ ದೊಡ್ಡವರ ಮಾತೆಲ್ಲ ಚಹಾ ತಂದಿಟ್ಟವರ, ಬಟ್ಟೆ ಮಡಚುತ್ತಿದ್ದವರ ಕಿವಿಗೆ ಬಿದ್ದದ್ದು ಮಾತ್ರ. ಕದ್ದು ಕೇಳುವುದು ಇಲ್ಲಿ ಪುಂಡರ ಮೋಜಾಗಿ ಉಳಿದಿಲ್ಲ, ಕೆಳಗಿನವರ ಜೀವನೋಪಾಯ. ತನಿಖೆಗೆ ಬಂದ ಪೊಲೀಸ್ ಇನ್ಸ್‌ಪೆಕ್ಟರು ಆಳುಗಳಿಗೂ ಸತ್ತವನಿಗೂ ನಿಜವಾದ ಸಂಬಂಧ ಏನಿರುತ್ತೆ ಅಂತ ಅವರನ್ನು ಕೇಳೋ ಗೋಜಿಗೇ ಹೋಗೋದಿಲ್ಲ. ಕೊಲೆ ಬಿಡಿಸೋದು ಮೇರಿ ಅನ್ನೋ ಎಳೆಯ ಕೆಲಸದ ಹುಡುಗಿ. ಅವಳು ಮಾಡೋದಿಷ್ಟೇ, ಬಾಯಿ ಮುಚ್ಚಿಕೊಂಡು ಕೇಳಿಸಿಕೊಳ್ಳೋದು. ಒಂದು ರಾತ್ರಿ ಅತಿಥಿಯಾಗಿ ಬಂದ ಸಿನಿಮಾ ನಟ ಐವರ್ ನೊವೆಲ್ಲೊ ಪಿಯಾನೋ ಮುಂದೆ ಕೂತು ಹಾಡುತ್ತಾನೆ. ದಿವಾನಖಾನೆಯಲ್ಲಿ ದೊಡ್ಡವರು ಇಸ್ಪೀಟಾಡುತ್ತಾ, ಆಕಳಿಸುತ್ತಾ, ಇದು ಯಾವಾಗ ಮುಗಿಯುತ್ತೋ ಅಂತ ಕೂತಿದ್ದಾರೆ. ಕತ್ತಲಲ್ಲಿ, ಬಾಗಿಲುಗಳ ಹಿಂದೆ, ಮೆಟ್ಟಿಲುಗಳ ಮೇಲೆ ಆಳುಗಳು ಒಬ್ಬೊಬ್ಬರಾಗಿ ಬಂದು ನಿಂತಿದ್ದಾರೆ. ಒಬ್ಬಳು ಕಣ್ಣು ಮುಚ್ಚಿದ್ದಾಳೆ. ಇಬ್ಬರು ಮೆಲ್ಲಗೆ ಕುಣಿಯುತ್ತಾರೆ. ಮ್ಯಾಶ್‌ನ ಆ ಮೈಕು ಇಟ್ಟವನೇ ಈ ಮೆಟ್ಟಿಲುಗಳನ್ನೂ ತೆಗೆದ ಅನ್ನೋದು ನನಗೆ ಆಲ್ಟ್‌ಮನ್ ಬಗ್ಗೆ ಇರುವ ಗೌರವದ ಬಹುಪಾಲು.

ಐದು ಸಲ ನಿರ್ದೇಶನಕ್ಕೆ ಆಸ್ಕರ್ ನಾಮಕರಣ, ಒಂದೂ ಸಿಗಲಿಲ್ಲ. ಕೊನೆಗೆ 2006ರ ಮಾರ್ಚಿನಲ್ಲಿ ಗೌರವ ಆಸ್ಕರ್ ಕೊಟ್ಟರು. ವೇದಿಕೆಗೆ ಬಂದ ಮೆರಿಲ್ ಸ್ಟ್ರೀಪ್ ಮತ್ತು ಲಿಲಿ ಟಾಮ್ಲಿನ್ ಒಬ್ಬರ ಮಾತನ್ನು ಒಬ್ಬರು ಕತ್ತರಿಸುತ್ತಾ, ವಾಕ್ಯದೊಳಗೆ ವಾಕ್ಯ ತೂರಿಸುತ್ತಾ ಅವನನ್ನು ಪರಿಚಯ ಮಾಡಿದರು. ಆಲ್ಟ್‌ಮನ್ ಬಂದು, ಹತ್ತು ವರ್ಷದ ಹಿಂದೆ ತನಗೆ ಹೃದಯದ ಕಸಿಯಾಗಿದೆ, ಒಬ್ಬ ಯುವತಿಯ ಹೃದಯ ಅದು ಅಂತ ಮೊದಲ ಬಾರಿಗೆ ಹೇಳಿದ. ಗೊತ್ತಾದರೆ ಯಾರೂ ಕೆಲಸ ಕೊಡೋದಿಲ್ಲ ಅಂತ ಅಷ್ಟು ವರ್ಷ ಮುಚ್ಚಿಟ್ಟಿದ್ದನಂತೆ. ಅದೇ ನವೆಂಬರಿನಲ್ಲಿ ತೀರಿಕೊಂಡ, ಎಂಬತ್ತೊಂದು ವರ್ಷ.

ಅವನ ಕೊನೆಯ ಚಿತ್ರ ‘ಎ ಪ್ರೇರಿ ಹೋಮ್ ಕಂಪ್ಯಾನಿಯನ್’. ನಿರ್ದೇಶಕ ನಡುವೆ ಹೋಗಿಬಿಟ್ಟರೆ ಏನು ಗತಿ ಅಂತ ವಿಮೆಯವರ ಸಮಾಧಾನಕ್ಕೆ ಪೌಲ್ ಥಾಮಸ್ ಆ್ಯಂಡರ್ಸನ್ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡಿದ್ದ. ಒಂದು ಹಳೇ ರೇಡಿಯೋ ಕಾರ್ಯಕ್ರಮದ ಕೊನೆಯ ರಾತ್ರಿ. ಸ್ಟ್ರೀಪ್ ಮತ್ತು ಟಾಮ್ಲಿನ್ ಇಲ್ಲಿ ಹಾಡುವ ಅಕ್ಕತಂಗಿಯರು. ಬಣ್ಣದ ಕೋಣೆಯಲ್ಲಿ, ಸುತ್ತ ಕನ್ನಡಿಗಳ ನಡುವೆ ಕೂತು ಇಬ್ಬರೂ ಅಮ್ಮನ ಬಗ್ಗೆ, ಸತ್ತುಹೋದ ಇನ್ನಿಬ್ಬರು ಅಕ್ಕತಂಗಿಯರ ಬಗ್ಗೆ, ಹಳೇ ದಿನಗಳ ಬಗ್ಗೆ ಒಟ್ಟಿಗೇ ಮಾತಾಡುತ್ತಿದ್ದಾರೆ. ಒಬ್ಬಳು ಶುರು ಮಾಡಿದ್ದನ್ನು ಇನ್ನೊಬ್ಬಳು ಮುಗಿಸುತ್ತಾಳೆ, ಇಲ್ಲಾ ಕೆಡಿಸುತ್ತಾಳೆ. ಪಕ್ಕದಲ್ಲಿ ಹರೆಯದ ಮಗಳು ಕೂತಿದ್ದಾಳೆ. ಈ ಕಥೆಗಳನ್ನೆಲ್ಲ ಅವಳು ಅದೆಷ್ಟು ಸಲ ಕೇಳಿದ್ದಾಳೋ, ನೋಟ್‌ಬುಕ್ಕಿನಲ್ಲಿ ತಲೆ ಹುದುಗಿಸಿಕೊಂಡು ಸಾವಿನ ಬಗ್ಗೆ ಕವನ ಬರೀತಿದ್ದಾಳೆ.